ಸ್ವಿಫ್ಟ್‌ಗೆ ಸ್ಪೋರ್ಟ್ ಬಂಪರ್: ಮೊದಲು ಸಂದು, ಆಮೇಲೆ ಬಣ್ಣ

ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಸ್ವಿಫ್ಟ್‌ಗೆ ಸ್ಪೋರ್ಟ್ ಬಂಪರ್ ಹಾಕಿಕೊಡ್ತೀರಾ ಎಂದು ಕೇಳಿದರೆ "ಅರ್ಧಾ ದಿನದ ಕೆಲಸ, ಬಿಟ್ಟು ಹೋಗ್ರೀ" ಎನ್ನುತ್ತಾರೆ. ಬಿಚ್ಚಿ ಹಾಕುವುದಕ್ಕೆ ಅರ್ಧ ದಿನ ಸಾಕು, ಸುಳ್ಳಲ್ಲ. ಅದೇ ಕಾರನ್ನು ಒಂದು ಮಳೆಗಾಲ ಕಳೆದ ಮೇಲೆ ನೋಡಬೇಕು. ಎಡಗಡೆ ಹೆಡ್‌ಲೈಟಿನ ಕೆಳಗೆ ಬೆರಳು ತೂರುವಷ್ಟು ಸಂದು. ಬಲಗಡೆ ಬಂಪರ್ ಫೆಂಡರಿಗೆ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿಗೆ, ಉಜ್ಜಿ ಬಣ್ಣ ಎದ್ದಿರುತ್ತದೆ. ಚಕ್ರದ ಮುಂದಿನ ಲೈನರ್, ಅಂದರೆ ಕಮಾನಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಜೋತುಬಿದ್ದು ಟೈರಿಗೆ ತಾಗುತ್ತಿರುತ್ತದೆ. ಬಂಪರ್ ಕೆಟ್ಟದ್ದಿತ್ತು ಎಂದು ಮಾರಿದವನನ್ನು ಬೈಯುವುದು ರೂಢಿ. ಬಹಳಷ್ಟು ಸಲ ತಪ್ಪು ಕೆಲಸದ ಕ್ರಮದ್ದು: ಬಣ್ಣ ಹೊಡೆಸಿದ ಬಂಪರನ್ನು ತಂದು ಕಾರಿಗೆ ಹೊಂದಿಸಲು ಹೋಗಿರುತ್ತಾರೆ. ಬಣ್ಣ ಆದ ಮೇಲೆ ಅರ ಹಾಕಲು, ಬಿಸಿ ಮಾಡಿ ಬಗ್ಗಿಸಲು ಯಾರಿಗೂ ಕೈ ಬರುವುದಿಲ್ಲ. ಜಗ್ಗಿ ಸ್ಕ್ರೂ ಹೊಡೆದು ಮುಗಿಸುತ್ತಾರೆ. ಜಗ್ಗಿ ಕೂರಿಸಿದ್ದು ಜಗ್ಗಿದ ಕಡೆಗೇ ಬಿಟ್ಟುಕೊಳ್ಳುತ್ತದೆ.

ಯಾವ ಸ್ವಿಫ್ಟ್, ಯಾವ ಸ್ಪೋರ್ಟ್

ನಮ್ಮಲ್ಲಿ ಸ್ವಿಫ್ಟ್ 2005ರಲ್ಲಿ ಬಂತು, 2011ರಲ್ಲಿ ಹೊಸ ಮೈ ಪಡೆಯಿತು, 2018ರ ಫೆಬ್ರುವರಿಯಲ್ಲಿ ಮೂರನೆಯದು, 2024ರ ಮೇ ತಿಂಗಳಲ್ಲಿ ನಾಲ್ಕನೆಯದು. ಒಂದರ ಬಂಪರ್ ಇನ್ನೊಂದಕ್ಕೆ ಕೂರುವುದಿಲ್ಲ. ಹೆಡ್‌ಲೈಟಿನ ಆಕಾರವೇ ಬೇರೆ. ಇಲ್ಲಿ ಹೇಳುವುದು 2018ರಿಂದ 2024ರ ಆರಂಭದವರೆಗೆ ಬಂದ ಕಾರಿನ ಮಾತು. ಅದಕ್ಕೆ ಜೋಡಿಯಾಗುವುದು 2017ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ, 1.4 ಲೀಟರ್ ಟರ್ಬೊ ಎಂಜಿನಿನ ಸ್ವಿಫ್ಟ್ ಸ್ಪೋರ್ಟ್‌ನ ಬಂಪರ್. ಆ ಕಾರನ್ನು ಮಾರುತಿ ಇಲ್ಲಿ ಮಾರಲಿಲ್ಲ. ಹಾಗಾಗಿ ಶೋರೂಮಿನ ಬಿಡಿಭಾಗದ ಕೌಂಟರಿನಲ್ಲಿ ಈ ಬಂಪರ್ ಕೇಳಿ ಪ್ರಯೋಜನವಿಲ್ಲ. ಹೊರಗಿನಿಂದ ತರಿಸಿದ ಒರಿಜಿನಲ್ ಸಿಗಬಹುದು, ಇಲ್ಲವೆ ಅದರ ಅಚ್ಚಿನಲ್ಲಿ ಬೇರೆಯವರು ತೆಗೆದ ಮಾಲು. 2021ರಲ್ಲಿ ನಮ್ಮ ಸ್ವಿಫ್ಟ್‌ನ ಗ್ರಿಲ್ ಬದಲಾಗಿದೆ. ಬಂಪರಿನ ಜೊತೆ ಸ್ಪೋರ್ಟ್ ಗ್ರಿಲ್ಲೂ ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಹಳೆ ಗ್ರಿಲ್ ಹೊಸ ಬಂಪರಿನ ಬಾಯಿಗೆ ಒಗ್ಗುವುದಿಲ್ಲ.

ಎರಡು ಅಳತೆ ತಲೆಯಲ್ಲಿರಲಿ. ಸ್ಪೋರ್ಟ್ 3890 ಮಿ.ಮೀ. ಉದ್ದ, ನಮ್ಮ ಸ್ವಿಫ್ಟ್ 3840, 2021ರ ನಂತರದ್ದು 3845. ಅಗಲ ಎರಡಕ್ಕೂ 1735. ಅಗಲ ಒಂದೇ ಆದ್ದರಿಂದಲೇ ಈ ಜೋಡಣೆ ಸಾಧ್ಯ. ಉದ್ದ ಹೆಚ್ಚಿರುವುದರಿಂದಲೇ ತಾಪತ್ರಯ, ಏಕೆಂದರೆ ಬಂಪರ್ ಮುಂದಕ್ಕೆ ಚಾಚುತ್ತದೆ, ಅದರ ಹಿಂದಿನ ಲೈನರ್, ಕೆಳಗಿನ ತಗಡು ಇದ್ದಲ್ಲೇ ಇರುತ್ತವೆ. ಎರಡನೆಯ ಅಳತೆ ನೆಲದಿಂದ ಎತ್ತರದ್ದು. ನಮ್ಮದು 163 ಮಿ.ಮೀ., ಸ್ಪೋರ್ಟ್ 120. ಬಂಪರ್ ಬದಲಿಸಿದ ಮಾತ್ರಕ್ಕೆ ಕಾರು ಅಷ್ಟು ಕೆಳಗಿಳಿಯುವುದಿಲ್ಲ, ಸ್ಪ್ರಿಂಗು ನಮ್ಮದೇ ಅಲ್ಲವೇ. ಆದರೆ ಬಂಪರಿನ ಕೆಳತುಟಿ ಇಳಿಯುತ್ತದೆ. ಅದರ ಲೆಕ್ಕ ಹಂಪಿನ ಮಾತು ಬಂದಾಗ.

ಮಾಲು ನೋಡಿ ತೆಗೆದುಕೊಳ್ಳುವುದು

ಬಂಪರನ್ನು ತಿರುಗಿಸಿ ಬೆನ್ನು ನೋಡಿ. ಅಚ್ಚಿನಲ್ಲೇ ಪ್ಲಾಸ್ಟಿಕ್ಕಿನ ಗುರುತು ಮೂಡಿರಬೇಕು. ಪಿಪಿ (ಪಾಲಿಪ್ರೊಪಿಲೀನ್) ಅಥವಾ ಪಿಪಿ ಜೊತೆ ಇಪಿಡಿಎಂ (ಒಂದು ಬಗೆಯ ರಬ್ಬರ್) ಎಂದಿದ್ದರೆ ಸರಿಯಾದ ಮಾಲು. ಬಾಗುತ್ತದೆ, ಸಣ್ಣ ಏಟಿಗೆ ಮರಳಿ ಹೊರಬರುತ್ತದೆ. ಬೆನ್ನು ಒರಟಾಗಿ ನಾರುನಾರಾಗಿ ಕಂಡರೆ ಅದು ಫೈಬರ್. ಫೈಬರ್ ಅಗ್ಗ, ಆದರೆ ಬಾಗುವ ಬದಲು ಸೀಳುತ್ತದೆ. ಕ್ಲಿಪ್ಪಿನ ತೂತುಗಳನ್ನು ನಾವೇ ಕೊರೆಯಬೇಕಾಗುತ್ತದೆ. ದಿನಾ ಓಡಾಡುವ ಕಾರಿಗೆ ಫೈಬರ್ ಬೇಡ. ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ತೇಲಿದರೆ ಪಿಪಿ ಎಂಬ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಬರೀ ಪಿಪಿ ತೇಲುವುದು ನಿಜ. ಬಂಪರಿನ ಪಿಪಿಗೆ ಗಡಸುತನಕ್ಕಾಗಿ ಟಾಲ್ಕ್ ಪುಡಿ ಬೆರೆಸಿರುತ್ತಾರೆ. 20 ಪ್ರತಿಶತ ಟಾಲ್ಕ್ ಇದ್ದರೆ ಒಳ್ಳೆಯ ಮಾಲೇ ಮುಳುಗುತ್ತದೆ. ಗುರುತನ್ನೇ ನಂಬಿ.

ಲಾರಿಯಲ್ಲಿ ಬರುವ ಬಂಪರಿಗೆ ದೊಡ್ಡ ಶತ್ರು ಅದರ ಮೇಲೆ ಹೇರಿದ ಮಿಕ್ಕ ಮಾಲು. ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಸಹಿ ಹಾಕುವ ಮೊದಲು ಪೊಟ್ಟಣ ಬಿಚ್ಚಿ ನೆಲದ ಮೇಲೆ ಬೋರಲು ಇಟ್ಟು ನೋಡಿ. ಎರಡೂ ಕಿವಿಗಳು, ಅಂದರೆ ಫೆಂಡರಿಗೆ ಸೇರುವ ತುದಿಗಳು, ನೆಲದಿಂದ ಒಂದೇ ಎತ್ತರದಲ್ಲಿರಬೇಕು. ಕಿವಿಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು, ನಿಮ್ಮ ಕಾರಿನ ಎರಡು ಫೆಂಡರ್ ಅಂಚುಗಳ ಅಂತರಕ್ಕೆ ಹೋಲಿಸಿ. 10 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಸರಿಮಾಡಬಹುದು. 20 ದಾಟಿದರೆ ವಾಪಸ್ ಕಳಿಸುವುದೇ ಲೇಸು. ಕಿವಿಯ ಒಳಬದಿಯ ಕೊಕ್ಕೆಗಳನ್ನು ಒಂದೊಂದಾಗಿ ಎಣಿಸಿ. ಒಂದು ಮುರಿದಿದ್ದರೂ ಆ ಜಾಗದಲ್ಲಿ ಸಂದು ಬಿಡುವುದು ಖಚಿತ.

ಸಣ್ಣ ಸೊಟ್ಟಕ್ಕೆ ಔಷಧ ಬಿಸಿ. 60ರಿಂದ 70 ಡಿಗ್ರಿಯ ನೀರನ್ನು, ಅಂದರೆ ಕುದಿಯುವುದಕ್ಕೆ ಬಹಳ ಮೊದಲಿನ ಕೈ ತಾಳದ ನೀರನ್ನು, ಬಟ್ಟೆ ಹೊದಿಸಿ ಅದರ ಮೇಲೆ ನಿಧಾನವಾಗಿ ಸುರಿಯಿರಿ. ಮೆತ್ತಗಾದಾಗ ಬೇಕಾದ ಆಕಾರಕ್ಕೆ ತಂದು ಹಗ್ಗ ಬಿಗಿದು ಒಂದು ರಾತ್ರಿ ಹಾಗೇ ಬಿಡಿ. ಏಪ್ರಿಲ್, ಮೇ ತಿಂಗಳಾದರೆ ನಮ್ಮ ಕಡೆಯ ಆರ್‌ಸಿಸಿ ಮಾಳಿಗೆ ಅರ್ಧ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಬಿಸಿಗಾಳಿ ಊದುವ ಹಾಟ್ ಗನ್ ಬಳಸುವವರು ಒಂದೇ ಜಾಗದಲ್ಲಿ ಹಿಡಿಯಬಾರದು, ಮೈ ಹೊಳಪು ಬಂತೆಂದರೆ ಪ್ಲಾಸ್ಟಿಕ್ ಕರಗತೊಡಗಿದೆ ಎಂದರ್ಥ.

ಬಿಚ್ಚುವ ಮೊದಲು ಬರೆದುಕೊಳ್ಳಿ

ಕಂಪನಿ ಬಂಪರ್ ಮೈಮೇಲೆ ಇರುವಾಗಲೇ ಸಂದುಗಳನ್ನು ಅಳೆಯಬೇಕು. ಬಿಚ್ಚಿದ ಮೇಲೆ ಹೋಲಿಕೆಗೆ ಏನೂ ಉಳಿಯುವುದಿಲ್ಲ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡುಗಳು ಸಾಕು. ಒಂದೊಂದೂ 0.76 ಮಿ.ಮೀ. ದಪ್ಪ, ನಾಲ್ಕು ಜೋಡಿಸಿದರೆ 3 ಮಿ.ಮೀ. ಹೆಡ್‌ಲೈಟ್ ಕೆಳಗೆ ಎರಡೂ ಕಡೆ, ಬಾನೆಟ್ ಅಂಚಿನಲ್ಲಿ ಮೂರು ಕಡೆ, ಫೆಂಡರ್ ಸೇರುವಲ್ಲಿ ಎರಡೂ ಕಡೆ ಎಷ್ಟೆಷ್ಟು ಕಾರ್ಡ್ ಹಿಡಿಯುತ್ತದೆ ಎಂದು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಲ್ಲಲ್ಲೇ ಅಂಟಿಸಿ, ಫೋಟೊ ತೆಗೆದುಕೊಳ್ಳಿ. ಹಿಂದೆ ಎಲ್ಲೋ ಗುದ್ದಿಸಿಕೊಂಡ ಕಾರಾದರೆ ಕಂಪನಿ ಬಂಪರಿಗೇ ಸಂದು ಸಮ ಇರುವುದಿಲ್ಲ. ಅಂಥ ಕಾರಿಗೆ ಮೊದಲು ಟಿಂಕರಿಂಗ್ ಕೆಲಸ.

ಸಾಮಾನು ಹೆಚ್ಚೇನೂ ಬೇಡ. 10ನೇ ನಂಬರ್ ಗೋಟಿ (ಸಾಕೆಟ್ ಪಾನಾ) ಮತ್ತು ಸಣ್ಣ ಎಕ್ಸ್‌ಟೆನ್ಶನ್, ನಕ್ಷತ್ರದ ಬಾಯಿಯ ಸ್ಕ್ರೂಡ್ರೈವರ್, ಕ್ಲಿಪ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಅರ, ಟೇಪು, ಎರಡು ಹಳೆ ಕಂಬಳಿ. ಹೊಸ ಕ್ಲಿಪ್‌ಗಳನ್ನು 20ರ ಪ್ಯಾಕೆಟ್ ಕೊಳ್ಳಿ. ಅಳತೆಗೆ ಹಳೆಯದೊಂದನ್ನು ಅಂಗಡಿಗೆ ಒಯ್ಯಿರಿ. ಹಳೆ ಕ್ಲಿಪ್ ಕಣ್ಣಿಗೆ ಚೆನ್ನಾಗಿ ಕಂಡರೂ ಕಾಲು ಬಿರಿದಿರುತ್ತದೆ, ಮತ್ತೆ ಹಾಕಿದರೆ ಹಿಡಿತ ಅರ್ಧ. 6 ಮಿ.ಮೀ. ಬೋಲ್ಟ್, ಅಗಲ ವಾಶರ್, ತಗಡಿಗೆ ಸಿಕ್ಕಿಸುವ ಯು ನಟ್ ಐದಾರು ಕೈಯಲ್ಲಿರಲಿ.

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಬಾನೆಟ್ ಎತ್ತಿದರೆ ಗ್ರಿಲ್ಲಿನ ಮೇಲೆ ಕ್ಲಿಪ್ ಮತ್ತು ಬೋಲ್ಟ್‌ಗಳ ಸಾಲು ಕಾಣುತ್ತದೆ, ಮೊದಲು ಅದು. ಆಮೇಲೆ ಕೆಳಗೆ ಮಲಗಿ ತಗಡಿನ ಕ್ಲಿಪ್‌ಗಳು. ಕೊನೆಗೆ ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ ಚಕ್ರದ ಕಮಾನಿನ ಸ್ಕ್ರೂ. ಕಮಾನಿನ ಲೈನರನ್ನು ತುಸು ಸರಿಸಿದರೆ ಬಂಪರಿನ ಕಿವಿಯನ್ನು ಫೆಂಡರಿಗೆ ಹಿಡಿದ ಸ್ಕ್ರೂ ಸಿಗುತ್ತದೆ. ಅದನ್ನು ಮರೆತು ಜಗ್ಗಿ ಕೊಕ್ಕೆ ಮುರಿಯುವವರೇ ಹೆಚ್ಚು. ಈಗ ಕಿವಿಯನ್ನು ಮುಂದಕ್ಕಲ್ಲ, ಹೊರಕ್ಕೆ ಎಳೆಯಿರಿ. ಟಕ್ ಟಕ್ ಎಂದು ಕೊಕ್ಕೆಗಳು ಬಿಡುತ್ತವೆ. ಇನ್ನೊಂದು ಬದಿಯನ್ನು ಇನ್ನೊಬ್ಬರು ಹಿಡಿದಿರಲಿ. ಫಾಗ್ ಲೈಟಿನ ತಂತಿ ಇನ್ನೂ ಸಿಕ್ಕಿರುತ್ತದೆ, ಕನೆಕ್ಟರಿನ ನಾಲಿಗೆ ಒತ್ತಿ ಬಿಡಿಸಿ ಬಂಪರನ್ನು ಕಂಬಳಿಯ ಮೇಲೆ ಇಳಿಸಿ.

ಈಗ ಕಾಣುವ ಕಬ್ಬಿಣದ ಅಡ್ಡಪಟ್ಟಿಯೇ ನಿಜವಾದ ಬಂಪರ್. ಗುದ್ದಿದಾಗ ಏಟು ತಿನ್ನುವುದು ಅದು, ಮೇಲಿನ ಪ್ಲಾಸ್ಟಿಕ್ ಬರೀ ಮುಖ. ಹೊಸ ಬಂಪರಿಗೆ ಅಡ್ಡ ಬರುತ್ತದೆ ಎಂದು ಈ ಪಟ್ಟಿಯನ್ನು ಕತ್ತರಿಸುವುದು, ಅಂಚುಗಳನ್ನು ಬಡಿದು ಬಗ್ಗಿಸುವುದು ಯಾವ ಕಾರಣಕ್ಕೂ ಬೇಡ. ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕೆಂಬ ಲೆಕ್ಕ ಮುಂಭಾಗ ಹೇಗೆ ಕುಸಿಯುತ್ತದೆ ಎಂಬುದರ ಮೇಲೆ ನಿಂತಿದೆ. ಪಟ್ಟಿಯ ಮುಂದೆ ಫೋಮ್ ಇದ್ದರೆ ಅದೂ ಮರಳಿ ಬರಬೇಕು. ಮೇಸ್ತ್ರಿ "ಇದೇನ್ ಬ್ಯಾಡ ಬಿಡ್ರಿ" ಎಂದರೆ ಕೈಯಿಂದ ಕಿತ್ತುಕೊಂಡು ಹಾಕಿಸಿ.

ಬಣ್ಣವಿಲ್ಲದೆ ಮೂರು ಸಲ

ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಲೇಪ) ಮೈಯಲ್ಲೇ ಇರುವ ಬಂಪರನ್ನು ಕಾರಿಗೆ ಹಚ್ಚಿ ನೋಡುವುದು ಈ ಇಡೀ ಕೆಲಸದ ಜೀವ. ಅಂಚುಗಳಿಗೆ, ಫೆಂಡರಿಗೆ, ಹೆಡ್‌ಲೈಟಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ, ಗೀರು ಬೀಳದಿರಲಿ.

ಮೊದಲ ಸಲ ಯಾವ ಸ್ಕ್ರೂನೂ ಬೇಡ. ಇಬ್ಬರು ಹಿಡಿದು ನಡುವಿನ ಗೂಟಗಳನ್ನು ಕೂರಿಸಿ, ಆಮೇಲೆ ಕಿವಿಗಳನ್ನು ಕೊಕ್ಕೆಗೆ ಒತ್ತಿ. ಎಲ್ಲಿ ಒತ್ತಡ ಬೇಕಾಯಿತು, ಎಲ್ಲಿ ತಾನಾಗಿ ಕೂತಿತು ಎಂಬುದಷ್ಟೇ ಈಗ ಬೇಕಾದ ಮಾಹಿತಿ. ಒತ್ತಡ ಬೇಕಾದ ಕಡೆ ಪೆನ್ಸಿಲ್ ಗುರುತು ಹಾಕಿ ಇಳಿಸಿ. ಸಾಮಾನ್ಯವಾಗಿ ತಡೆಯುವುದು ಮೂರು: ಬೇರೆಯವರ ಅಚ್ಚಿನಲ್ಲಿ ಹೆಡ್‌ಲೈಟ್ ಕೆಳಗಿನ ತುಟಿ ದಪ್ಪ ಇರುವುದು, ಕಿವಿಯ ಕೊಕ್ಕೆಗಳು ಫೆಂಡರಿನ ಬ್ರಾಕೆಟ್ಟಿಗೆ ಒಂದೆರಡು ಮಿ.ಮೀ. ಆಚೀಚೆ ಬೀಳುವುದು, ಗ್ರಿಲ್ಲಿನ ಹಿಂದಿನ ಪ್ಲಾಸ್ಟಿಕ್ ಎಲುಬು ಬಾನೆಟ್ ಲಾಕಿನ ತಗಡಿಗೆ ತಾಗುವುದು.

ಕಿವಿಯ ಬ್ರಾಕೆಟ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಫೆಂಡರಿನ ಒಳಗೆ ಸ್ಕ್ರೂನಿಂದ ಹಿಡಿದ ಕಪ್ಪು ಪ್ಲಾಸ್ಟಿಕ್ ತುಂಡು ಅದು. ಬಂಪರ್ ಫೆಂಡರಿಗೆ ಅಂಟಿದಂತೆ ಕಾಣುವುದು ಅದರ ದಯೆಯಿಂದ. ಸ್ಪೋರ್ಟ್ ಬಂಪರಿನ ಜೊತೆ ಅದರದ್ದೇ ಬ್ರಾಕೆಟ್ ಸಿಕ್ಕರೆ ಕೊಂಡುಬಿಡಿ, ಚಿಲ್ಲರೆ ದುಡ್ಡಿಗೆ ಅರ್ಧ ತಲೆನೋವು ಹೋಗುತ್ತದೆ. ಸಿಗದಿದ್ದರೆ ಹಳೆಯದನ್ನೇ ಇಟ್ಟುಕೊಂಡು ಬಂಪರಿನ ಕೊಕ್ಕೆಯನ್ನು ಅರದಿಂದ ತೇಯಬೇಕು, ಒಂದು ಸಲಕ್ಕೆ ಅರ್ಧ ಮಿ.ಮೀ. ಮಾತ್ರ. ತೇಯುವುದು ಯಾವಾಗಲೂ ಬಂಪರನ್ನು, ಕಾರಿನ ಬ್ರಾಕೆಟ್ಟನ್ನಲ್ಲ. ನಾಳೆ ಕಂಪನಿ ಬಂಪರ್ ಮರಳಿ ಹಾಕುವ ಪ್ರಸಂಗ ಬಂದರೆ ಬ್ರಾಕೆಟ್ ಸರಿಯಾಗಿರಬೇಕು. ಕೊಕ್ಕೆ ತೀರಾ ಹೊಂದದಿದ್ದರೆ ಕೆಲವು ಕಡೆ ಫೆಂಡರಿನ ಹೊರಮೈಗೇ ಸ್ಕ್ರೂ ಹೊಡೆದುಬಿಡುತ್ತಾರೆ. ಆ ತೂತಿನಿಂದ ತುಕ್ಕು ಹಿಡಿಯುವುದು ಗ್ಯಾರಂಟಿ.

ಎರಡನೇ ಸಲ ಸ್ಕ್ರೂಗಳನ್ನು ಕೈಯಿಂದಲೇ ಅರ್ಧ ತಿರುಗಿಸಿ ನಿಲ್ಲಿಸಿ. ಕ್ರಮ ಹೀಗಿರಲಿ: ಮೇಲಿನ ನಡು, ಮೇಲಿನ ಎರಡು ಬದಿ, ಕಿವಿಗಳು, ಕಮಾನು, ಕಟ್ಟಕಡೆಗೆ ಕೆಳಗಿನವು. ಕೆಳಗಿನದನ್ನು ಮೊದಲು ಬಿಗಿದರೆ ಬಂಪರ್ ಕೆಳಕ್ಕೆ ಜಗ್ಗಿ ಹೆಡ್‌ಲೈಟ್ ಸಂದು ಬಾಯಿ ಬಿಡುತ್ತದೆ. ಆಮೇಲೆ ಎಷ್ಟು ತಿಣುಕಿದರೂ ಮುಚ್ಚುವುದಿಲ್ಲ. ಈಗ ಕಾರ್ಡುಗಳನ್ನು ತೂರಿಸಿ, ಮೊದಲು ಬರೆದ ಅಂಕಿಗೆ ಹೋಲಿಸಿ. ಎಡಕ್ಕೂ ಬಲಕ್ಕೂ ಒಂದು ಕಾರ್ಡಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಎರಡರದ್ದು ಕಾಣುತ್ತದೆ. ಬಾನೆಟ್ಟಿನ ಸಂದು ಮಾತ್ರ ಹೆಚ್ಚುಕಡಿಮೆ ಇದ್ದರೆ ಮೊದಲು ಬಾನೆಟ್ಟಿನ ರಬ್ಬರ್ ಗೂಟಗಳನ್ನು ತಿರುಗಿಸಿ ನೋಡಿ. ಫೆಂಡರ್ ಸಡಿಲಿಸಿ ಸರಿಸಲು ಹೋದರೆ ಬಾಗಿಲಿನ ಸಂದು ಕೆಡುತ್ತದೆ.

ಸಂದೇ ಇಲ್ಲದಂತೆ ಬಿಗಿಯಾಗಿ ಕೂತರೆ ಹಿಗ್ಗಬೇಡಿ. ಟಾಲ್ಕ್ ಬೆರೆತ ಪಿಪಿ ಬಿಸಿಲಿಗೆ ಬೆಳೆಯುತ್ತದೆ. 1.7 ಮೀಟರ್ ಅಗಲದ ಬಂಪರ್ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಬಂದು ಮೈ 30 ಡಿಗ್ರಿ ಏರಿದರೆ 3ರಿಂದ 4 ಮಿ.ಮೀ. ಹಿಗ್ಗುತ್ತದೆ. ಅದರ ಹಿಂದಿನ ಕಬ್ಬಿಣ ಹಿಗ್ಗುವುದು ಅರ್ಧ ಮಿ.ಮೀ. ಚಿಲ್ಲರೆ. ಹೋಗಲು ಜಾಗವಿಲ್ಲದ ಪ್ಲಾಸ್ಟಿಕ್ ಫೆಂಡರಿಗೆ ಒತ್ತಿ ಉಜ್ಜುತ್ತದೆ, ಇಲ್ಲವೆ ನಡುವೆ ಅಲೆಯಂತೆ ಉಬ್ಬುತ್ತದೆ. ಕಂಪನಿ ಬಂಪರಿನ ಬದಿಯ ತೂತುಗಳು ಉದ್ದುದ್ದ ಇರುವುದು ಇದಕ್ಕೇ. ಹೊಸದರಲ್ಲಿ ತೂತು ದುಂಡಗಿದ್ದರೆ ಅಡ್ಡಡ್ಡಲಾಗಿ 3 ಮಿ.ಮೀ. ಉದ್ದ ಮಾಡಿ, ಅಗಲ ವಾಶರ್ ಹಾಕಿ, ಬೋಲ್ಟನ್ನು ಮೈಮುರಿಯುವಂತೆ ಬಿಗಿಯದೆ ಹಿತವಾಗಿ ಬಿಗಿಯಿರಿ. ನಡುವಿನ ತೂತು ಮಾತ್ರ ದುಂಡಗೇ ಇರಲಿ, ಎರಡೂ ಕಡೆಗೆ ಸಮವಾಗಿ ಹಿಗ್ಗಲು ಅದೇ ಆಧಾರ.

ಮೂರನೇ ಸಲ ಎಲ್ಲ ಬಿಗಿದು, ಗ್ರಿಲ್ಲು, ಫಾಗ್ ಲೈಟು, ಲೈನರು ಜೋಡಿಸಿ, ಬಣ್ಣವಿಲ್ಲದ ಬಂಪರಿನಲ್ಲೇ ಒಂದೆರಡು ದಿನ ಓಡಿಸಿ. ನೋಡಿದವರು ನಗಲಿ. ಉಣಕಲ್ ಕೆರೆಯ ಮುಂದೆ ಒಂದು ಸುತ್ತು, ಬೈಪಾಸಿನಲ್ಲಿ 80ರ ವೇಗದಲ್ಲಿ ಹತ್ತು ನಿಮಿಷ. ಗಾಳಿಗೆ ಕೆಳತುಟಿ ಪಟಪಟ ಬಡಿದರೆ ಕೆಳಗಿನ ತಗಡು ಹೊಸ ತುಟಿಯನ್ನು ಮುಟ್ಟುತ್ತಿಲ್ಲ ಎಂದರ್ಥ. ಮಧ್ಯಾಹ್ನದ ಬಿಸಿಲಲ್ಲಿ ಕಾರು ನಿಲ್ಲಿಸಿ ಏಸಿ ಹಾಕಿ 20 ನಿಮಿಷ ಎಂಜಿನ್ ಓಡಿಸಿ. ಉಷ್ಣದ ಮುಳ್ಳು ಎಂದಿನ ಜಾಗ ಬಿಟ್ಟು ಏರಿದರೆ ಅಥವಾ ಏಸಿ ತಂಪು ಬಿಟ್ಟರೆ ಬಂಪರಿನ ಜಾಲರಿ ನೋಡಿ. ಕೆಲವು ಮಾಲಿನಲ್ಲಿ ಜೇನುಗೂಡಿನ ಕಣ್ಣುಗಳು ತೂತಾಗಿರುವುದಿಲ್ಲ, ಬರೀ ಅಚ್ಚು. ರೇಡಿಯೇಟರಿನ ಎದುರು ಬರುವ ಕಣ್ಣುಗಳನ್ನು ತೆರೆಯಲೇಬೇಕು.

ಎರಿ ಮಣ್ಣು ಮತ್ತು ಹಂಪು

ಬಂಪರ್ ಮುಂದಕ್ಕೆ ಚಾಚಿದ್ದರಿಂದ ಚಕ್ರದ ಲೈನರಿಗೂ ಬಂಪರಿನ ಅಂಚಿಗೂ ನಡುವೆ ಬೆರಳಗಲದ ಬಿರುಕು ಬೀಳಬಹುದು. ಬೇರೆ ಊರಿನಲ್ಲಿ ಇದನ್ನು ಕಡೆಗಣಿಸಿದರೂ ನಡೆದೀತು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಹೊಲದ ದಾರಿ ತುಳಿಯುವ ಕಾರಿಗೆ ನಡೆಯುವುದಿಲ್ಲ. ಹಸಿ ಎರಿ ಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು, ಟೈರಿನಿಂದ ಎದ್ದು ಆ ಬಿರುಕಿನೊಳಗೆ ಹೋಗಿ ಕೂರುತ್ತದೆ, ಒಣಗಿ ಕಲ್ಲಾಗುತ್ತದೆ. ಎರಡು ಮಳೆಗೆ ಕಿಲೋಗಟ್ಟಲೆ ಸೇರಿ, ಆ ಭಾರಕ್ಕೆ ಕ್ಲಿಪ್ ಕಿತ್ತು ಲೈನರ್ ಜೋಲುತ್ತದೆ. 2 ಮಿ.ಮೀ. ದಪ್ಪದ ಕಪ್ಪು ಪ್ಲಾಸ್ಟಿಕ್ ಶೀಟು ಅಥವಾ ಗಟ್ಟಿ ರಬ್ಬರ್ ಪಟ್ಟಿಯನ್ನು 60 ಮಿ.ಮೀ. ಅಗಲಕ್ಕೆ ಕತ್ತರಿಸಿ, ಲೈನರಿನ ಹಿಂದಿನಿಂದ ಕ್ಲಿಪ್ ಹಾಕಿ ಬಿರುಕು ಮುಚ್ಚಿ. ತೀರಾ ಕೆಳಗೆ ಒಂದು ಸಣ್ಣ ತೂತು ಬಿಡಿ, ನೀರು ಇಳಿಯಬೇಕು.

ಇನ್ನು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ನಿಧಾನಕ್ಕೆ ಏರುವ ಹಂಪು ಯಾವ ಬಂಪರಿಗೂ ತಾಗದು. ನಮ್ಮ ಓಣಿಗಳಲ್ಲಿ ಒಂದು ಬುಟ್ಟಿ ಕಾಂಕ್ರೀಟ್ ಸುರಿದು ಮಾಡಿದ್ದಕ್ಕೂ ಆ ಅಳತೆಗೂ ಸಂಬಂಧವಿಲ್ಲ. ಗಾಳಿ ಸರಿ ಹಾಕಿಸಿ, ಐದು ಮಂದಿ ಕೂತು, ಡಿಕ್ಕಿಯಲ್ಲಿ ಸಾಮಾನು ಇಟ್ಟು ಕೆಳತುಟಿಯಿಂದ ನೆಲಕ್ಕೆ ಅಳೆಯಿರಿ. 140 ಮಿ.ಮೀ. ಬಂದರೂ ಅಷ್ಟೂ ನಿಮ್ಮ ಕೈಯಲ್ಲಿಲ್ಲ. ಬ್ರೇಕ್ ಒತ್ತಿದಾಗ ಮೂಗು 30ರಿಂದ 40 ಮಿ.ಮೀ. ಬಾಗುತ್ತದೆ. ತುಟಿ ಮುರಿಯುವುದು ಹಂಪಿನ ಬಾಯಲ್ಲಿ ಬ್ರೇಕ್ ಒತ್ತಿ ಹಿಡಿದಾಗಲೇ. ಮೊದಲೇ ನಿಧಾನಿಸಿ, ಹಂಪು ಬಂದಾಗ ಬ್ರೇಕ್ ಬಿಟ್ಟು ಹತ್ತಿಸಬೇಕು. ಬಂಪರಿನ ಕೆಳಗೆ ಮತ್ತೊಂದು ಲಿಪ್ ಅಂಟಿಸುವ ಆಸೆ ಇದ್ದರೆ ಅದನ್ನು ಸ್ಕ್ರೂನಿಂದ ಹಿಡಿಯದೆ ಕ್ಲಿಪ್ಪಿನಿಂದ ಹಿಡಿಯಿರಿ. ತಾಗಿದರೆ ಲಿಪ್ ಕಳಚಿ ಬೀಳಲಿ, ಬಂಪರನ್ನು ಹರಿಯದಿರಲಿ.

ಹಿಂದಿನದು

ಹಿಂದಿನ ಬಂಪರ್ ಬಿಚ್ಚುವುದು ಸುಲಭ. ಡಿಕ್ಕಿ ತೆರೆದಾಗ ಅಂಚಿನಲ್ಲಿ ಕಾಣುವವು, ಹಿಂದಿನ ಲೈಟಿನ ಕೆಳಗಿನವು, ಕಮಾನಿನವು, ತಳದವು. ಹೊಂದಿಸುವ ಕ್ರಮವೂ ಮುಂದಿನಂತೆಯೇ. ಬೇರೆಯಾಗುವುದು ಸೈಲೆನ್ಸರ್ ಮತ್ತು ಸೆನ್ಸರ್.

ಸ್ಪೋರ್ಟ್‌ಗೆ ಎರಡೂ ಬದಿ ಒಂದೊಂದು ಹೊಗೆಬಾಯಿ. ನಮ್ಮ ಸ್ವಿಫ್ಟ್‌ಗೆ ಇರುವುದು ಒಂದೇ ಸಣ್ಣ ಕೊಳವೆ. ಹಾಗಾಗಿ ತೋರಿಕೆಯ ಬಾಯಿಗಳನ್ನು ಹಾಕುತ್ತಾರೆ. ಹಾಕಿ, ಆದರೆ ಬಂಪರಿಗೆ ಹಿಡಿಸಿ, ಕೊಳವೆಗೆ ಬೇಡ. ಸೈಲೆನ್ಸರ್ ರಬ್ಬರಿನಲ್ಲಿ ತೂಗಾಡುತ್ತಿರುತ್ತದೆ, ಅದಕ್ಕೆ ಕಟ್ಟಿದ ಬಾಯಿ ಬಂಪರನ್ನು ಬಡಿಯುತ್ತದೆ. ನಿಜವಾದ ಕೊಳವೆಯ ಸುತ್ತ ಪ್ಲಾಸ್ಟಿಕ್ಕಿಗೆ 30 ಮಿ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಒಂದು ಬೆಂಗಳೂರು ಪ್ರಯಾಣಕ್ಕೆ ಅಂಚು ಕರಗಿ ಸುಕ್ಕುಗಟ್ಟುತ್ತದೆ. ಕೊಳವೆಯ ತುದಿ ಬಂಪರಿನ ಹಿಂದೆಯೇ ಮುಗಿಯಬಾರದು, ಹೊಗೆ ಕೆಳಕ್ಕೋ ಹೊರಕ್ಕೋ ಬಿಡುವಂತಿರಬೇಕು. ಬಹುತೇಕ ಕಾರುಗಳಲ್ಲಿ ಒಳಗಿನ ಗಾಳಿ ಹೊರಹೋಗುವ ರಬ್ಬರ್ ಕಿಂಡಿಗಳು ಹಿಂದಿನ ಬಂಪರಿನ ಮರೆಯಲ್ಲೇ ಇರುತ್ತವೆ. ಅಲ್ಲಿ ಹೊಗೆ ತುಂಬಿದರೆ ಅದು ಒಳಗೆ ಬರಲು ದಾರಿ ಹುಡುಕುತ್ತದೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಒಳಗೆ ಬಂದದ್ದು ಗೊತ್ತೇ ಆಗುವುದಿಲ್ಲ.

2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ, ಆದ್ದರಿಂದ ಹೊಸ ಬಂಪರಿಗೂ ಅವು ಬರಲೇಬೇಕು. ಹಳೆ ಬಂಪರಿನಲ್ಲಿ ನೆಲದಿಂದ ಎಷ್ಟು ಎತ್ತರ, ನಡುವಿನಿಂದ ಎಷ್ಟು ದೂರ ಎಂದು ಅಳೆದು ಅಲ್ಲೇ ಗುರುತು ಹಾಕಿ. ತೂತನ್ನು ಬೆನ್ನಿನಿಂದಲ್ಲ, ಮುಂದಿನಿಂದ ಕೊರೆಯಿರಿ, ಅದೂ ಬಣ್ಣಕ್ಕೆ ಮೊದಲು. ಹೊಸ ಬಂಪರಿನ ಆ ಜಾಗ ಕೆಳಮುಖವಾಗಿದ್ದರೆ ಸೆನ್ಸರ್ ನೆಲವನ್ನೇ ನೋಡಿ ಸುಮ್ಮಸುಮ್ಮನೆ ಕೂಗುತ್ತದೆ. ಆಗ ಹಿಂದಿನ ಹಿಡಿಕೆಗೆ ಓರೆ ಪಟ್ಟಿ ಕೊಟ್ಟು ಮುಖವನ್ನು ನೇರ ಮಾಡಬೇಕು. ಹಿಡಿಕೆಯನ್ನು ಫೆವಿಕ್ವಿಕ್‌ನಿಂದ ಅಂಟಿಸಿದರೆ ವಾರಕ್ಕೆ ಬೀಳುತ್ತದೆ, ಪಿಪಿ ಅಂಥ ಅಂಟನ್ನು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಿ. ಬಂಪರಿನ ಕೆಂಪು ರಿಫ್ಲೆಕ್ಟರುಗಳನ್ನು ಕತ್ತಲಲ್ಲಿ ಮೊಬೈಲ್ ಟಾರ್ಚಿನಿಂದ ನೋಡಿ. ಬೆಳಕು ಕಣ್ಣಿಗೆ ಮರಳಿ ಬರದಿದ್ದರೆ ಅದು ಬರೀ ಕೆಂಪು ಪ್ಲಾಸ್ಟಿಕ್, ಬದಲಿಸಿ.

ಬಣ್ಣ, ಈಗ

ಬಂಪರ್ ಇಳಿಸಿ ಪಾತ್ರೆ ತೊಳೆಯುವ ಸೋಪು ಮತ್ತು ಒರಟು ಪ್ಯಾಡಿನಿಂದ ಎರಡು ಸಲ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಬಳಿದ ಜಿಡ್ಡು ಮೈಮೇಲಿರುತ್ತದೆ, ಬಣ್ಣ ಸಿಪ್ಪೆಯಾಗಿ ಏಳುವುದು ಅದರಿಂದ. ನೀರು ಹನಿಹನಿಯಾಗಿ ಒಡೆಯದೆ ಹಾಳೆಯಂತೆ ಇಳಿದರೆ ಜಿಡ್ಡು ಹೋಗಿದೆ. ಕಪ್ಪು ಕಚ್ಚಾ ಪಿಪಿಯಾದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಮೊದಲು, ಮಾಮೂಲಿ ಪ್ರೈಮರ್ ಆಮೇಲೆ. ಮೊದಲೇ ಪ್ರೈಮರ್ ಇದ್ದರೆ ಉಜ್ಜಲು 400ನೇ ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಆಮೇಲೆ 600, ಮೆಟಾಲಿಕ್ ಬಣ್ಣಕ್ಕೆ 800. ಅರ ಹಾಕಿದ ಕಡೆ ಕಚ್ಚಾ ಪ್ಲಾಸ್ಟಿಕ್ ತೆರೆದಿರುತ್ತದೆ, ಅಲ್ಲಿ ಮತ್ತೆ ಪ್ಲಾಸ್ಟಿಕ್ ಪ್ರೈಮರ್ ತಾಗಿಸಿ. ಪುಟ್ಟಿ ಬೇಕೇ ಆದರೆ ಬಾಗುವ ಪ್ಲಾಸ್ಟಿಕ್ ಪುಟ್ಟಿ, ತಗಡಿನ ಪುಟ್ಟಿ ಮೊದಲ ಏಟಿಗೇ ಉದುರುತ್ತದೆ.

ಮೆಟಾಲಿಕ್ ಬಣ್ಣವಾದರೆ ಬಂಪರನ್ನು ನೆಲದ ಮೇಲೆ ಮಲಗಿಸಿ ಹೊಡೆಯಬಾರದು. ಕಾರಿನಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ಸ್ಟ್ಯಾಂಡಿಗೆ ಹಿಡಿಸಿ ಹೊಡೆಯಬೇಕು. ಬಣ್ಣದೊಳಗಿನ ಹೊಳೆಯುವ ಲೋಹದ ಕಣ ಕೂರುವ ದಿಕ್ಕು ಬದಲಾದರೆ ಅದೇ ಡಬ್ಬಿಯ ಬಣ್ಣವೂ ಫೆಂಡರಿನ ಪಕ್ಕ ಬೇರೆ ಕಾಣುತ್ತದೆ. ಒಂದು ರಟ್ಟಿಗೆ ಹೊಡೆದು, ಕ್ಲಿಯರ್ (ಮೇಲಿನ ಪಾರದರ್ಶಕ ಲೇಪ) ಹಾಕಿ, ಒಣಗಿಸಿ, ಬಿಸಿಲಿನಲ್ಲಿ ಕಾರಿಗೆ ಹಿಡಿದು ನೋಡಿದ ಮೇಲೆ ಮುಂದುವರಿಯಿರಿ. ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಿಕೊಂಡ ಬಣ್ಣ ಬಿಸಿಲಿಗೆ ಬಂದಾಗ ಮೋಸ ಮಾಡುತ್ತದೆ. ಬಣ್ಣ ತೆಳುವಾಗಿ ಎರಡು ಮೂರು ಕೈ, ನಡುವೆ ಹತ್ತು ನಿಮಿಷ ಬಿಡುವು, ಮೇಲೆ ಕ್ಲಿಯರ್ ಎರಡು ಕೈ. ಎಳೆಯುವ ಕೊಕ್ಕೆಯ ಸಣ್ಣ ಮುಚ್ಚಳವನ್ನೂ ಅದೇ ಸಲ ಹೊಡೆಸಿ, ಅದು ಯಾವಾಗಲೂ ಮರೆತು ಕಪ್ಪಾಗಿಯೇ ಉಳಿಯುತ್ತದೆ.

ಧಾರವಾಡದಲ್ಲಿ ಜುಲೈ, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯ ದಿನ ತೆರೆದ ಶೆಡ್ಡಿನಲ್ಲಿ ಕ್ಲಿಯರ್ ಹೊಡೆಸಿದರೆ ಗಾಳಿಯ ತೇವ ಕೂತು ಮೈ ಹಾಲಿನಂತೆ ಮಸುಕಾಗುತ್ತದೆ. ಗದಗಿನಲ್ಲಿ ತೇವಕ್ಕಿಂತ ಗಾಳಿಯ ಕಾಟ ಹೆಚ್ಚು, ಒಂದು ಬೀಸಿಗೆ ಮಸಾರಿಯ ಕೆಂಪು ಧೂಳು ಹಸಿ ಬಣ್ಣದ ಮೇಲೆ ಕೂರುತ್ತದೆ. ಮುಚ್ಚಿದ ಬೂತ್ ಇರುವಲ್ಲೇ ಮಾಡಿಸಿ, ಇಲ್ಲವೆ ದೀಪಾವಳಿಯ ನಂತರದ ಒಣ ಹವೆಗೆ ಕಾಯಿರಿ. ಹೊಡೆದ 24 ಗಂಟೆಗಳ ಮೇಲೆ ಕೂರಿಸಿ. ಒಂದು ವಾರ ಸ್ಟಿಕ್ಕರ್, ಪಾಲಿಶ್, ಪ್ರೆಶರ್ ವಾಶ್ ಬೇಡ.

ನಂಬರ್ ಪ್ಲೇಟು

ಜಪಾನಿನ ಪ್ಲೇಟ್ 330 ಗುಣಿಲೆ 165 ಮಿ.ಮೀ., ನಮ್ಮ ಮುಂದಿನ ಪ್ಲೇಟ್ 500 ಗುಣಿಲೆ 120. ಜಪಾನಿ ಅಚ್ಚಿನ ಬಂಪರಾದರೆ ಆ ತಗ್ಗಿನಲ್ಲಿ ನಮ್ಮ ಪ್ಲೇಟಿನ ಎರಡೂ ತುದಿ ಗಾಳಿಯಲ್ಲಿ ನಿಲ್ಲುತ್ತವೆ. ಹಿಂದೆ ಒಂದು ಪ್ಲಾಸ್ಟಿಕ್ ಪೀಠ ಕೊಟ್ಟು ಕೂರಿಸಬೇಕು, ಬಗ್ಗಿಸಿ ಕೂರಿಸಿದ ಪ್ಲೇಟ್ ನಿಯಮಕ್ಕೆ ಹೊಂದುವುದಿಲ್ಲ. ಎಚ್‌ಎಸ್‌ಆರ್‌ಪಿಯ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ, ಲಾಕ್ ಒಂದೇ ಸಲ ಬಳಸುವಂಥದ್ದು, ತೆಗೆಯಬೇಕಾದರೆ ಮುರಿಯಬೇಕು. ಆದ್ದರಿಂದ ಬಂಪರ್ ಬಿಚ್ಚುವ ಮೊದಲೇ ಅಧಿಕೃತ ವಿತರಕರಲ್ಲಿ ಮರುಜೋಡಣೆ ಅಥವಾ ಬದಲಿ ಪ್ಲೇಟಿನ ಬಗ್ಗೆ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಧಾರವಾಡದ ಕೆಎ 25 ಇರಲಿ, ಹುಬ್ಬಳ್ಳಿಯ 63 ಇರಲಿ, ಪ್ಲೇಟ್ ಇಲ್ಲದ ಕಾರನ್ನು ಚೆನ್ನಮ್ಮ ವೃತ್ತದಲ್ಲಿ ತಂದು ನಿಲ್ಲಿಸಿದರೆ ಬಂಪರಿನ ಅಂದವನ್ನು ಯಾರೂ ಹೊಗಳುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊರತಾಗುವ ಮಾರ್ಪಾಡನ್ನು ತಡೆಯುತ್ತದೆ. ಬಂಪರಿನ ಬಣ್ಣ ಕಾರಿನದ್ದೇ ಇರಲಿ, ಸೈಲೆನ್ಸರ್ ಕಂಪನಿಯದ್ದೇ ಇರಲಿ, ಲೋಹದ ಗಾರ್ಡ್ ಬೇಡ. ವಿಮೆ ಕಂಪನಿಗೆ ಬದಲಾವಣೆಯನ್ನು ಬರೆದು ತಿಳಿಸಿ, ಉತ್ತರವನ್ನು ಇಟ್ಟುಕೊಳ್ಳಿ. ಫಾಗ್ ಲೈಟಿಗೆ ಕಂಪನಿ ಕನೆಕ್ಟರನ್ನೇ ಬಳಸಿ. ಹೊಸ ಡಿಆರ್‌ಎಲ್ (ಹಗಲಲ್ಲೂ ಉರಿಯುವ ದೀಪ) ಇದ್ದರೆ ಅದಕ್ಕೆ ಬೇರೆ ಫ್ಯೂಸ್, ಬೇರೆ ರಿಲೇ. ತಂತಿಯ ಸಿಪ್ಪೆ ಸುಲಿದು ಸುತ್ತಿದ ಜೋಡಣೆ ಬೆಂಕಿಗೂ ಕ್ಲೇಮ್ ತಿರಸ್ಕಾರಕ್ಕೂ ಒಟ್ಟಿಗೇ ಬಾಗಿಲು ತೆರೆಯುತ್ತದೆ.

ನೂರು ಕಿಲೋಮೀಟರ್ ಓಡಿದ ಮೇಲೊಮ್ಮೆ, ಮೊದಲ ದೊಡ್ಡ ಮಳೆಯ ಮೇಲೊಮ್ಮೆ ಕ್ಲಿಪ್‌ಗಳನ್ನೆಲ್ಲ ಕೈಯಿಂದ ಒತ್ತಿ ನೋಡಿ. ಹಳೆ ಬಂಪರನ್ನು ಗುಜರಿಗೆ ಕೊಡಬೇಡಿ, ಕಾರು ಮಾರುವಾಗಲೂ ಕ್ಲೇಮಿನ ಹೊತ್ತಿನಲ್ಲೂ ಅದು ಬೇಕಾಗುತ್ತದೆ. ಗೋಡೆಗೆ ಒರಗಿಸಿದರೆ ಒಂದು ಬೇಸಿಗೆಗೆ ಸೊಟ್ಟಗಾಗುತ್ತದೆ. ಕಂಬಳಿ ಸುತ್ತಿ, ಮೂರು ಕಡೆ ಅಗಲ ಪಟ್ಟಿ ಕಟ್ಟಿ ತೂಗುಹಾಕಿ, ಅದರ ಬೋಲ್ಟು, ಗ್ರಿಲ್ಲುಗಳನ್ನು ಒಂದು ಚೀಲದಲ್ಲಿ ತುಂಬಿ ಅದರ ಬೆನ್ನಿಗೇ ಟೇಪ್ ಹಾಕಿಡಿ.